ಪಹಣಿ ಆನ್‌ಲೈನ್‌ನಲ್ಲಿ ಸಿಗದಿದ್ದರೆ ದಾಖಲೆ ಮಾಯವಾಗಿದೆ ಎಂದರ್ಥವೇ? ‘ತಾನಾಗಿ ನಡೆಯುವ’ ಕೆಲಸದ ಒಳಗುಟ್ಟು

ಜಮೀನು ದಾಖಲೆಗಳ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತಿರುತ್ತವೆ. ಒಂದು ಬಗೆಯದು ಹೀಗಿರುತ್ತದೆ: "ಈಗ ಎಲ್ಲವೂ ಆನ್‌ಲೈನ್. ರಿಜಿಸ್ಟರ್ ಮಾಡಿಸಿದರೆ ಸಾಕು, ಖಾತೆ ತಾನಾಗಿಯೇ ಬದಲಾಗುತ್ತದೆ. ಯಾರ ಹತ್ತಿರವೂ ಹೋಗಬೇಕಿಲ್ಲ." ಇನ್ನೊಂದು ಇದಕ್ಕೆ ತದ್ವಿರುದ್ಧ: "ನಮ್ಮ ಊರಿನ ಪಹಣಿಗಳನ್ನು ಕಂಪ್ಯೂಟರ್‌ನಿಂದ ಅಳಿಸಿಹಾಕಿದ್ದಾರೆ. ಕೂಡಲೇ ನೋಡಿಕೊಳ್ಳಿ, ಎಲ್ಲರಿಗೂ ಕಳಿಸಿ."

ಮೊದಲನೆಯದನ್ನು ನಂಬಿದವರು ನೋಡಬೇಕಾದ್ದನ್ನು ನೋಡದೆ ಕೂರುತ್ತಾರೆ. ಎರಡನೆಯದನ್ನು ನಂಬಿದವರು ಗಾಬರಿಯಾಗಿ ಮಧ್ಯವರ್ತಿಯ ಕೈಗೆ ದುಡ್ಡು ಕೊಡುತ್ತಾರೆ. ಎರಡರ ಬೇರೂ ಒಂದೇ. ಕಂಪ್ಯೂಟರ್‌ಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ಅದು. ನಿಜದಲ್ಲಿ ಕಂಪ್ಯೂಟರ್‌ಗೆ ಗೊತ್ತಿರುವುದು ಒಂದೇ: ಯಾವ ಕಡತ ಯಾವ ಜಾಗದಲ್ಲಿದೆ, ಅದರ ಮೇಲೆ ಮುಂದಿನ ಕೆಲಸ ಯಾವುದು ಎಂದು ನಾವು ಬರೆದಿಟ್ಟದ್ದು. ಕೆಲಸ ತಾನಾಗಿ ನಡೆಯುವುದು ಆ ಜೋಡಣೆ ಸರಿಯಿದ್ದಷ್ಟು ಮಾತ್ರ.

ಕೋಲಾರ ಜಿಲ್ಲೆಯ ಕೆಜಿಎಫ್ ಮತ್ತು ಬಂಗಾರಪೇಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ.

ಒಂದೇ ಹೆಸರು, ಮೂರು ಜಾಗ

ನಿಮ್ಮ ಫೋನಿನಲ್ಲಿ ‘ನಂದಿದುರ್ಗ’ ಎಂದು ಹುಡುಕಿ. ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಬೆಟ್ಟ ಬರುತ್ತದೆ. ಬೆಂಗಳೂರಿನ ಜಯಮಹಲ್ ಕಡೆಯ ನಂದಿದುರ್ಗ ರಸ್ತೆ ಬರುತ್ತದೆ. ಕೆಜಿಎಫ್‌ನವರನ್ನು ಕೇಳಿದರೆ ಮೂರನೆಯದೊಂದನ್ನು ಹೇಳುತ್ತಾರೆ: ನಂದಿದುರ್ಗ ಗಣಿ. ಮೈಸೂರು ಗಣಿ, ಚಾಂಪಿಯನ್ ರೀಫ್, ಊರಿಗಾಂ ಗಣಿಗಳ ಜೊತೆ ಅಲ್ಲಿ ಚಿನ್ನ ತೆಗೆದ ಗಣಿಗಳಲ್ಲಿ ಅದೂ ಒಂದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಆ ಚಿನ್ನದ ಪ್ರದೇಶದಲ್ಲಿ 2001ರ ಫೆಬ್ರವರಿ 28ಕ್ಕೆ ಗಣಿಗಾರಿಕೆ ನಿಂತಿತು.

ಮಾತಿನಲ್ಲಿ ಇದು ತೊಡಕಲ್ಲ. ಕೆಜಿಎಫ್‌ನ ಹಳಬರೊಬ್ಬರು "ನಮ್ಮಪ್ಪ ನಂದಿದುರ್ಗದಲ್ಲಿ ಕೆಲಸ ಮಾಡಿದ್ದು" ಎಂದರೆ ಬೆಟ್ಟದ ಮೇಲೆ ಎಂದು ಯಾರೂ ತಿಳಿಯುವುದಿಲ್ಲ. ಕಂಪ್ಯೂಟರ್‌ಗೆ ಆ ಸಂದರ್ಭ ಗೊತ್ತಿಲ್ಲ. ಅದಕ್ಕೆ ದಾರಿ ಹೇಳಬೇಕು: ಯಾವ ಜಿಲ್ಲೆ, ಯಾವ ತಾಲ್ಲೂಕು, ಅದರೊಳಗೆ ಯಾವುದು.

ಹೆಸರುಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ ಕೂಡ. ಇವತ್ತಿನ ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು, ಮೈಸೂರಿನ ಮುಖ್ಯ ಆಯುಕ್ತನಾಗಿದ್ದ ಬೌರಿಂಗ್‌ನಿಂದ ಬಂದದ್ದು. ಮುತ್ತಜ್ಜನ ಕಾಲದ ಕ್ರಯಪತ್ರದಲ್ಲಿ ಬೌರಿಂಗ್‌ಪೇಟೆ ಎಂದಿರಬಹುದು, ಇವತ್ತಿನ ಪಹಣಿಯಲ್ಲಿ ಬಂಗಾರಪೇಟೆ. ಓದುವ ಮನುಷ್ಯನಿಗೆ ಎರಡೂ ಒಂದೇ ಊರು. ಅಕ್ಷರ ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ ಊರು. ಅದಕ್ಕಾಗಿಯೇ ಯಾವ ದೊಡ್ಡ ವ್ಯವಸ್ಥೆಯಾದರೂ ಹೆಸರಿನ ಜೊತೆಗೆ ಒಂದು ಸಂಖ್ಯೆಯನ್ನೂ ಕೊಡುತ್ತದೆ. ಗ್ರಾಮಕ್ಕೊಂದು ಕೋಡ್, ಜಮೀನಿಗೊಂದು ಸರ್ವೆ ನಂಬರ್. ಈಗ ದೇಶದಲ್ಲಿ ಪ್ರತಿ ತುಂಡು ಜಮೀನಿಗೂ 14 ಅಂಕಿಗಳ ವಿಶಿಷ್ಟ ಸಂಖ್ಯೆ ಕೊಡುವ ಕೆಲಸ ನಡೆಯುತ್ತಿರುವುದೂ ಇದೇ ಕಾರಣಕ್ಕೆ.

ಪಹಣಿಗೂ ಒಂದು ವಿಳಾಸ ಇದೆ

ಭೂಮಿ ಜಾಲತಾಣದಲ್ಲಿ ಪಹಣಿ ನೋಡಿದವರಿಗೆ ಈ ಸಾಲು ಗೊತ್ತಿರುತ್ತದೆ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್‌ನಾಕ್, ಹಿಸ್ಸಾ, ಆಮೇಲೆ ವರ್ಷ. ಇದು ಒಂದು ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರ್. ಗೋದ್ರೆಜ್ ಬೀರುವಿನ ಒಳಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕಟ್ಟು, ಕಟ್ಟಿನೊಳಗೆ ಕಾಗದ ಇದ್ದಂತೆ. ಮೇಲಿನ ಒಂದು ಆಯ್ಕೆ ತಪ್ಪಿದರೆ ಕೆಳಗಿನದು ಯಾವುದೂ ಸಿಗುವುದಿಲ್ಲ.

ಸರ್‌ನಾಕ್, ಹಿಸ್ಸಾ ಜಾಗದಲ್ಲಿ ಎಷ್ಟೋ ಸಲ ಬರೀ ನಕ್ಷತ್ರದ ಗುರುತು ಕಾಣುತ್ತದೆ. ಅದನ್ನು ನೋಡಿ "ನಮ್ಮ ಹಿಸ್ಸಾ ಅಳಿಸಿದ್ದಾರೆ" ಎಂದು ಗಾಬರಿಯಾಗುವವರಿದ್ದಾರೆ. ಆ ಸರ್ವೆ ನಂಬರಿನಲ್ಲಿ ಬೇರೆ ಉಪಭಾಗ ದಾಖಲಾಗಿಲ್ಲ ಎಂಬುದಷ್ಟೇ ಅದರ ಅರ್ಥ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು, ಬದು ಹಾಕಿಕೊಂಡು ಉಳುತ್ತಿರಬಹುದು. ಅಳತೆ ಮಾಡಿಸಿ ಪೋಡಿ ಆಗದಿದ್ದರೆ ಆ ಬದು ಕಂಪ್ಯೂಟರ್‌ಗೆ ಕಾಣುವುದಿಲ್ಲ.

ಇನ್ನೊಂದು ವಿಷಯ. ಎಲ್ಲ ಆಸ್ತಿಯೂ ಪಹಣಿಯಲ್ಲಿ ಇರುವುದಿಲ್ಲ. ಕೃಷಿ ಜಮೀನು ಕಂದಾಯ ಇಲಾಖೆಯ ‘ಭೂಮಿ’ಯಲ್ಲಿ. ಹಳ್ಳಿಯ ಮನೆ, ನಿವೇಶನ ಗ್ರಾಮ ಪಂಚಾಯಿತಿಯ ‘ಇ-ಸ್ವತ್ತು’ವಿನಲ್ಲಿ. ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಯಂಥ ಪಟ್ಟಣದ ಮನೆ ‘ಇ-ಆಸ್ತಿ’ಯಲ್ಲಿ. ಕ್ರಯಪತ್ರದ ನೋಂದಣಿ ‘ಕಾವೇರಿ’ಯಲ್ಲಿ. ಇವು ನಾಲ್ಕು ಬೇರೆ ಬೇರೆ ಯೋಜನೆಗಳು, ಒಂದೊಂದರ ಹೊಣೆ ಒಂದೊಂದು ಇಲಾಖೆಯದು. ಒಂದೇ ಕುಟುಂಬದ ಹೊಲ, ಹಳ್ಳಿಮನೆ, ಪೇಟೆಯ ಸೈಟು ಮೂರು ಕಡೆ ಹಂಚಿಹೋಗಿರಬಹುದು. ಪೇಟೆಯ ಸೈಟನ್ನು ಭೂಮಿಯಲ್ಲಿ ಹುಡುಕಿ ಸಿಗಲಿಲ್ಲ ಎಂದರೆ ಅದು ಕಳೆದಿಲ್ಲ. ನಾವು ಬೇರೆ ಬೀರು ತೆರೆದಿದ್ದೇವೆ, ಅಷ್ಟೆ.

ತಾಲ್ಲೂಕು ಒಡೆದಾಗ ಏನಾಗುತ್ತದೆ?

ಬಹಳ ವರ್ಷ ಕೆಜಿಎಫ್ ಇದ್ದದ್ದು ಬಂಗಾರಪೇಟೆ ತಾಲ್ಲೂಕಿನಲ್ಲಿ. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಕೆಜಿಎಫ್ ಕೂಡ ಸೇರಿತು. ರಾಬರ್ಟ್‌ಸನ್‌ಪೇಟೆ, ಬೇತಮಂಗಲ, ಕ್ಯಾಸಂಬಳ್ಳಿ ಹೋಬಳಿಗಳು ಹೊಸ ತಾಲ್ಲೂಕಿಗೆ ಬಂದವು. ಬೂದಿಕೋಟೆ, ಕಾಮಸಮುದ್ರದ ಕಡೆ ಬಂಗಾರಪೇಟೆಯಲ್ಲೇ ಉಳಿಯಿತು.

ಬೇತಮಂಗಲದ ಹೊಲ ಇದ್ದಲ್ಲೇ ಇದೆ. ಕೆರೆ, ಬದು, ಬಾವಿ ಯಾವುದೂ ಕದಲಲಿಲ್ಲ. ಕದಲಿದ್ದು ಅದರ ವಿಳಾಸ. ಹಳೆಯ ಕ್ರಯಪತ್ರ, ಬ್ಯಾಂಕಿನ ಅಡಮಾನ ಪತ್ರ, ಮ್ಯುಟೇಷನ್ ನಕಲು ಎಲ್ಲದರಲ್ಲೂ ಬಂಗಾರಪೇಟೆ ತಾಲ್ಲೂಕು ಎಂದೇ ಇರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಜಾಲತಾಣದಲ್ಲಿ ಬಂಗಾರಪೇಟೆ ಒತ್ತಿದರೆ ಹೋಬಳಿಗಳ ಪಟ್ಟಿಯಲ್ಲಿ ಬೇತಮಂಗಲ ಕಾಣದು. ‘ಊರೇ ಮಾಯವಾಗಿದೆ’ ಎಂಬ ಸಂದೇಶ ಹುಟ್ಟಲು ಇಷ್ಟು ಸಾಕು.

ಜಿಲ್ಲೆ ಒಡೆದಾಗಲೂ ಇದೇ ಕಥೆ. 2007ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಯಿತು. ಅದಕ್ಕೆ ಮುಂಚಿನ ಕಾಗದದಲ್ಲಿ ಕೋಲಾರ ಜಿಲ್ಲೆ ಎಂದಿರುವ ಎಷ್ಟೋ ಜಮೀನುಗಳ ಇಂದಿನ ಪಹಣಿ ಚಿಕ್ಕಬಳ್ಳಾಪುರದ ಕೆಳಗೆ ಸಿಗುತ್ತದೆ.

ಆದ್ದರಿಂದ ಪಹಣಿ ಸಿಗದಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ "ಯಾರು ಅಳಿಸಿದರು?" ಎಂಬುದಲ್ಲ. "ನಮ್ಮ ಹೋಬಳಿ ಈಗ ಯಾವ ತಾಲ್ಲೂಕಿನಲ್ಲಿದೆ?" ಎಂಬುದು.

‘ಭೂಮಿ’ ಬರುವ ಮುಂಚೆ, ಬಂದ ಮೇಲೆ

ಭೂಮಿ ಯೋಜನೆ ಬರುವ ಮುಂಚೆ ರಾಜ್ಯದ ಜಮೀನು ದಾಖಲೆಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಕೈಬರಹದ ಪುಸ್ತಕ ಅವರ ಬಳಿಯೇ. ರೈತನಿಗೆ ಪಹಣಿ ಬೇಕೆಂದರೆ ಲೆಕ್ಕಿಗರು ಸಿಗಬೇಕು, ಅವರಿಗೆ ಮನಸ್ಸು ಬರಬೇಕು. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಲಾಯಿತು. ತಂತ್ರಾಂಶ ರಾಷ್ಟ್ರೀಯ ಮಾಹಿತಿ ಕೇಂದ್ರದ್ದು, ಯೋಜನೆಯ ಮುಂದಾಳತ್ವ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರದು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಸಿಗತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು.

ಜನರ ನೆನಪಿನಲ್ಲಿ ಉಳಿದದ್ದು ಈ ಮುದ್ರಿತ ಕಾಗದ. ಅದಕ್ಕಿಂತ ದೊಡ್ಡ ಬದಲಾವಣೆ ಒಳಗೆ ನಡೆದಿತ್ತು. ಮ್ಯುಟೇಷನ್ ಅಂದರೆ ಖಾತೆ ಬದಲಾವಣೆಯ ಅರ್ಜಿ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗಬೇಕು ಎಂಬುದನ್ನು ಕಂಪ್ಯೂಟರ್‌ನಲ್ಲಿ ಬರೆದಿಡಲಾಯಿತು. ಅದರಲ್ಲಿ ಮೂರು ನಿಯಮಗಳು ಮುಖ್ಯ.

ಮೊದಲನೆಯದು, ಸರದಿ. ಮೊದಲು ಬಂದ ಅರ್ಜಿಯನ್ನು ಮೊದಲು ತೆಗೆದುಕೊಳ್ಳಬೇಕು. ಹಿಂದಿನದನ್ನು ಬಿಟ್ಟು ಮುಂದಿನದಕ್ಕೆ ಹಾರಲು ತಂತ್ರಾಂಶ ಬಿಡುವುದಿಲ್ಲ.

ಎರಡನೆಯದು, ಗುರುತು. ದಾಖಲೆ ಬದಲಿಸುವ ಅಧಿಕಾರಿ ತನ್ನ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಯಾರು ಬದಲಿಸಿದರು ಎಂಬುದು ಉಳಿಯುತ್ತದೆ. ಕೆಜಿಎಫ್‌ನವರಿಗೆ ಬೆರಳಚ್ಚಿನ ಇನ್ನೊಂದು ಇತಿಹಾಸ ಗೊತ್ತು. ಕಾರ್ಮಿಕರ ನೋಂದಣಿಗೆ ಬೆರಳಚ್ಚು ತೆಗೆಯುವುದನ್ನು ವಿರೋಧಿಸಿ 1930ರಲ್ಲಿ ಅಲ್ಲಿನ ಗಣಿಗಳಲ್ಲಿ ದೊಡ್ಡ ಮುಷ್ಕರವೇ ನಡೆದಿತ್ತು. ಅಲ್ಲಿ ಬೆರಳು ಒತ್ತಬೇಕಾಗಿದ್ದವನು ಕೂಲಿಯವನು, ಇಲ್ಲಿ ಅಧಿಕಾರಿ. ಯಂತ್ರ ಒಂದೇ ಬಗೆಯದಾದರೂ ಅದು ಯಾರನ್ನು ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದನ್ನು ಜೋಡಣೆ ಮಾಡಿದವರು ತೀರ್ಮಾನಿಸುತ್ತಾರೆ.

ಮೂರನೆಯದು, ಮೂಲಪ್ರತಿ. ಆದೇಶದ ಸಹಿ ಮಾಡಿದ ಕಾಗದವನ್ನು ಸ್ಕ್ಯಾನ್ ಮಾಡಿ ಅದೇ ಅರ್ಜಿಗೆ ಜೋಡಿಸಬೇಕು. ನಾಳೆ ತಕರಾರು ಬಂದರೆ ಆಧಾರ ಅಲ್ಲೇ ಇರುತ್ತದೆ.

ಹಾಗಾದರೆ ಖಾತೆ ‘ತಾನಾಗಿ’ ಬದಲಾಗುತ್ತದೆಯೇ?

ಭಾಗಶಃ ಹೌದು. ಉಪನೋಂದಣಿ ಕಚೇರಿಯಲ್ಲಿ ಕೃಷಿ ಜಮೀನಿನ ಕ್ರಯ ಆದರೆ ಅದರ ವಿವರ ಜೆ-ಸ್ಲಿಪ್ ರೂಪದಲ್ಲಿ ಕಾವೇರಿಯಿಂದ ಭೂಮಿಗೆ ಹೋಗುತ್ತದೆ. ಇಷ್ಟು ತಾನಾಗಿ ನಡೆಯುತ್ತದೆ. ಆಮೇಲೆ ನೋಟಿಸ್, ಆಕ್ಷೇಪಣೆಗೆ ನಿಗದಿತ ಕಾಲ, ಪರಿಶೀಲನೆ, ಅನುಮೋದನೆ. ತಕರಾರಿಗೆ ಆಸ್ಪದವಿಲ್ಲದ ಕೆಲವು ಬಗೆಯ ಬದಲಾವಣೆಗಳನ್ನು ಯಂತ್ರವೇ ಪೂರೈಸುವ ವ್ಯವಸ್ಥೆಯನ್ನು ಈಚಿನ ವರ್ಷಗಳಲ್ಲಿ ಕಂದಾಯ ಇಲಾಖೆ ತಂದಿದೆ. ಆದರೆ ಯಾರಾದರೂ ಆಕ್ಷೇಪಣೆ ಹಾಕಿದರೆ ಅದನ್ನು ಮನುಷ್ಯರೇ ಕೇಳಿ ತೀರ್ಮಾನಿಸಬೇಕು.

ತಂದೆ ತೀರಿಕೊಂಡರೆ ಮಾತ್ರ ಯಾವ ಕ್ರಯಪತ್ರವೂ ನೋಂದಣಿ ಆಗುವುದಿಲ್ಲ. ಆದ್ದರಿಂದ ಯಾವ ಜೆ-ಸ್ಲಿಪ್ಪೂ ಹೊರಡುವುದಿಲ್ಲ. ಪೌತಿ ಖಾತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ವಾರಸುದಾರರೇ ಕೆಲಸ ಶುರು ಮಾಡಿಸಬೇಕು. ಎಷ್ಟೋ ಪಹಣಿಗಳ 9ನೇ ಕಲಂನಲ್ಲಿ ತೀರಿಕೊಂಡ ಅಜ್ಜನ ಹೆಸರೇ ಕೂತಿರುವುದಕ್ಕೆ ಇದೊಂದು ಕಾರಣ. ತಾನಾಗಿ ನಡೆಯುವ ಕೆಲಸಕ್ಕೂ ಶುರುವಾಗಲು ಒಂದು ಕಾರಣ ಬೇಕು. ಆ ಕಾರಣ ಯಾರೂ ಕೊಡದಿದ್ದರೆ ಅದು ಹಾಗೇ ಕಾಯುತ್ತದೆ.

ತಪ್ಪೂ ತಾನಾಗಿಯೇ ಹರಡುತ್ತದೆ

‘ಕಂಪ್ಯೂಟರ್ ತಪ್ಪು ಮಾಡುವುದಿಲ್ಲ’ ಎಂಬ ಮಾತಿನಲ್ಲಿ ಅರ್ಧ ಸತ್ಯ ಇದೆ. ಅದು ಕೂಡುವುದರಲ್ಲಿ, ಕಳೆಯುವುದರಲ್ಲಿ ತಪ್ಪುವುದಿಲ್ಲ. ಆದರೆ ಕೈಬರಹದ ಪುಸ್ತಕದಲ್ಲಿ ‘ಮುನಿಯಪ್ಪ ಬಿನ್ ವೆಂಕಟಪ್ಪ’ ಎಂದಿದ್ದದ್ದು ಟೈಪ್ ಮಾಡುವಾಗ ‘ಮುನಿಸ್ವಾಮಪ್ಪ’ ಆಗಿದ್ದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಉಳಿಸಿಕೊಳ್ಳುತ್ತದೆ, ಕೇಳಿದವರಿಗೆಲ್ಲ ಕೊಡುತ್ತದೆ.

ಹಿಂದೆ ಪಹಣಿಯ ತಪ್ಪು ಪಹಣಿಯಲ್ಲೇ ಇರುತ್ತಿತ್ತು. ಈಗ ಬೇರೆ ವ್ಯವಸ್ಥೆಗಳು ಅದನ್ನೇ ಆಧಾರ ಮಾಡಿಕೊಂಡಿವೆ. ಕೋಲಾರ ಜಿಲ್ಲೆಯ ರೈತ ಬೆಂಬಲ ಬೆಲೆಗೆ ರಾಗಿ ಮಾರಬೇಕಾದರೆ ‘ಫ್ರೂಟ್ಸ್’ ನೋಂದಣಿ ಸಂಖ್ಯೆ ಬೇಕು. ಆ ಸಂಖ್ಯೆಗೆ ಯಾವ ಸರ್ವೆ ನಂಬರ್‌ಗಳು ಸೇರಿವೆಯೋ ಅಷ್ಟು ಜಮೀನು ಮಾತ್ರ ಲೆಕ್ಕಕ್ಕೆ. ಬೆಳೆ ಪರಿಹಾರದಲ್ಲೂ ಅದೇ. ಮೂರು ಕಡೆ ಹೊಲ ಇದ್ದು ಎರಡನ್ನೇ ಸೇರಿಸಿದ್ದರೆ ಮೂರನೆಯ ಹೊಲದ ಬೆಳೆ ಒಣಗಿದ್ದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಎಲ್ಲಿಯೋ ಯಾರೋ ದುಡ್ಡು ತಡೆಹಿಡಿದಿದ್ದಾರೆ ಎಂದುಕೊಳ್ಳುವ ಮುಂಚೆ ಇದನ್ನು ನೋಡಬೇಕು.

ಇನ್ನೂ ಒಂದು ಮಾತು ನೆನಪಿರಲಿ. ಪಹಣಿ ಎಂದರೆ ಒಡೆತನದ ಕೊನೆಯ ತೀರ್ಪಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಪ್ರಕಾರ ಅದರಲ್ಲಿರುವುದನ್ನು, ತಪ್ಪೆಂದು ಸಾಬೀತಾಗುವವರೆಗೆ ಸರಿ ಎಂದು ಭಾವಿಸಲಾಗುತ್ತದೆ. ತಪ್ಪನ್ನು ತೋರಿಸಲು, ತಿದ್ದಿಸಲು ದಾರಿ ಇದೆ. ಖಾತೆ ಬದಲಾವಣೆಯ ಆದೇಶ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು.

ಅಂಗಡಿ, ಸಂಘ, ಶಾಲೆಗಳಿಗೂ ಇದೇ ಪಾಠ

ಇವತ್ತು ತಾನಾಗಿ ನಡೆಯುವ ಕೆಲಸಗಳು ಸರ್ಕಾರದಲ್ಲಿ ಮಾತ್ರ ಇಲ್ಲ. ಒಂದು ಟ್ಯೂಷನ್ ಕೇಂದ್ರ ಅಂದುಕೊಳ್ಳಿ. ಪೋಷಕರು ಫಾರಂ ತುಂಬಿದರೆ ಹೆಸರು ಪಟ್ಟಿಗೆ ಸೇರುತ್ತದೆ, ಶುಲ್ಕ ಕಟ್ಟಿದರೆ ರಸೀದಿ ಹೋಗುತ್ತದೆ, ಕಟ್ಟದಿದ್ದರೆ ನೆನಪಿನ ಸಂದೇಶ ಹೋಗುತ್ತದೆ. ಹೀಗೆ ‘ಇದು ಆದರೆ ಅದು ಮಾಡು’ ಎಂದು ಸಾಲಾಗಿ ಬರೆದಿಟ್ಟ ಸೂಚನೆಗೆ ವರ್ಕ್‌ಫ್ಲೋ ಎನ್ನುತ್ತಾರೆ. ಇಂಥವನ್ನು ಮಾಡಿಕೊಡುವ ಹತ್ತಾರು ಆ್ಯಪ್‌ಗಳಿವೆ. ಅವುಗಳಲ್ಲಿ ಹಲವದರಲ್ಲಿ ‘ಪ್ರಾಜೆಕ್ಟ್’, ‘ಫೋಲ್ಡರ್’ ಎಂಬ ವಿಭಾಗಗಳು ಇರುತ್ತವೆ. ಶುರುವಿನಲ್ಲಿ ಯಾರೂ ಅತ್ತ ನೋಡುವುದಿಲ್ಲ. ಎರಡು ವರ್ಷದಲ್ಲಿ ಅಲ್ಲಿ ‘ಹೊಸದು’, ‘ಹೊಸದು 2’, ‘ಕೊನೆಯದು’, ‘ನಿಜವಾದ ಕೊನೆಯದು’ ಎಂಬ ಹೆಸರಿನ ಮೂವತ್ತು ವರ್ಕ್‌ಫ್ಲೋಗಳು ಕೂತಿರುತ್ತವೆ. ಹಳೆಯದೊಂದು ಇನ್ನೂ ಚಾಲೂ ಇದ್ದು, ಶುಲ್ಕ ಕಟ್ಟಿದವರಿಗೇ ಮತ್ತೆ ಬಾಕಿ ಸಂದೇಶ ಕಳಿಸುತ್ತಿರುತ್ತದೆ.

ಭೂಮಿಯ ನಿಯಮಗಳನ್ನೇ ಇಲ್ಲಿ ಚಿಕ್ಕದಾಗಿ ಬಳಸಬಹುದು:

• ಒಂದು ಉದ್ದೇಶಕ್ಕೆ ಒಂದು ಪ್ರಾಜೆಕ್ಟ್. ಪ್ರವೇಶ, ಶುಲ್ಕ, ಪರೀಕ್ಷೆ ಬೇರೆ ಬೇರೆ ಇರಲಿ. ಅದರೊಳಗೆ ವರ್ಷಕ್ಕೊಂದು ಫೋಲ್ಡರ್.

• ಹೆಸರು ನೋಡಿದ ಕೂಡಲೇ ಕೆಲಸ ತಿಳಿಯಬೇಕು. ‘ಹೊಸದು 2’ ಬೇಡ. ‘ಶುಲ್ಕ ರಸೀದಿ, 10ನೇ ತರಗತಿ’ ಎಂದಿರಲಿ.

• ಪ್ರಯೋಗದ್ದು ಬೇರೆ, ಚಾಲ್ತಿಯದು ಬೇರೆ. ಹೊಸದನ್ನು ಮೊದಲು ನಿಮ್ಮದೇ ನಂಬರಿಗೆ ಕಳಿಸಿ ನೋಡಿ. ಸರಿಯಾದ ಮೇಲೆ ಚಾಲ್ತಿ ಫೋಲ್ಡರಿಗೆ ತನ್ನಿ.

• ಬಿಟ್ಟದ್ದನ್ನು ಮೊದಲು ನಿಲ್ಲಿಸಿ, ಆಮೇಲೆ ‘ಹಳೆಯದು’ ಫೋಲ್ಡರಿಗೆ ಹಾಕಿ. ಫೋಲ್ಡರ್ ಬದಲಿಸಿದ ಮಾತ್ರಕ್ಕೆ ವರ್ಕ್‌ಫ್ಲೋ ನಿಲ್ಲುವುದಿಲ್ಲ.

• ಬೀಗದ ಕೈ ಒಬ್ಬರ ಜೇಬಿನಲ್ಲಿ ಇರಬಾರದು. ಎಲ್ಲವೂ ಒಬ್ಬ ಹುಡುಗನ ಸ್ವಂತ ಇಮೇಲ್ ಖಾತೆಯಲ್ಲಿದ್ದು, ಅವನು ಕೆಲಸ ಬಿಟ್ಟರೆ ಮರುದಿನ ಎಲ್ಲವೂ ನಿಲ್ಲಬಹುದು. ಸಂಸ್ಥೆಯ ಹೆಸರಿನ ಖಾತೆ ಇರಲಿ, ಇಬ್ಬರಿಗೆ ಅಧಿಕಾರ ಇರಲಿ, ಉಳಿದವರು ನೋಡಬಹುದು ಅಷ್ಟೆ.

• ಯಾವ ದಿನ ಯಾರು ಏನು ಬದಲಿಸಿದರು ಎಂದು ಒಂದು ಸಾಲು ಬರೆದಿಡಿ.

ಸ್ತ್ರೀಶಕ್ತಿ ಸಂಘದ ಉಳಿತಾಯದ ಲೆಕ್ಕಕ್ಕೂ, ಹಾಲು ಡೇರಿಯ ಪಾವತಿಗೂ ಇವೇ ಸಾಕು. ಯಂತ್ರ ಎಷ್ಟು ಚುರುಕು ಎಂಬುದಕ್ಕಿಂತ ಜೋಡಣೆ ಎಷ್ಟು ಅಚ್ಚುಕಟ್ಟು ಎಂಬುದು ಮುಖ್ಯ.

ನಿಮ್ಮ ಜಮೀನಿಗಾಗಿ ಇವತ್ತೇ ಮಾಡಬಹುದಾದದ್ದು

1. ಜಿಲ್ಲೆ, ಈಗಿನ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ತಾಲ್ಲೂಕು ಬದಲಾಗಿದ್ದರೆ ಹಳೆಯ ಹೆಸರೂ ಪಕ್ಕದಲ್ಲಿರಲಿ.

2. ವರ್ಷಕ್ಕೊಮ್ಮೆಯಾದರೂ ಪಹಣಿ ತೆಗೆದು ನೋಡಿ. 9ನೇ ಕಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಖಾತೆ ಯಾವ ಆಧಾರದ ಮೇಲೆ ಬಂತು, 11ರಲ್ಲಿ ಸಾಲ ಮತ್ತು ಇತರ ಹಕ್ಕು. ಸಾಲ ತೀರಿಸಿದ್ದರೂ 11ರಲ್ಲಿ ಬ್ಯಾಂಕಿನ ಹೆಸರು ಉಳಿದಿದೆಯೇ ಎಂದು ಗಮನಿಸಿ.

3. ರಿಜಿಸ್ಟರ್ ಆದ ಮೇಲೆ ಖಾತೆ ಬದಲಾವಣೆ ಯಾವ ಹಂತದಲ್ಲಿದೆ ಎಂದು ಭೂಮಿ ಜಾಲತಾಣದಲ್ಲೇ ನೋಡಬಹುದು. ಹೊಸ ಪಹಣಿಯಲ್ಲಿ ನಿಮ್ಮ ಹೆಸರು ಕಂಡ ಮೇಲೆಯೇ ಕೆಲಸ ಮುಗಿಯಿತು ಎನ್ನಿ.

4. ಫ್ರೂಟ್ಸ್ ಸಂಖ್ಯೆಗೆ ಎಲ್ಲ ಸರ್ವೆ ನಂಬರ್‌ಗಳೂ ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

5. ಹಳೆಯ ಕಾಗದಗಳನ್ನು ಬಿಸಾಡಬೇಡಿ. ಕಂಪ್ಯೂಟರ್‌ನ ತಪ್ಪನ್ನು ತಿದ್ದಿಸಲು ಬೇಕಾಗುವುದು ಆ ಕಾಗದಗಳೇ.

ಫಾರ್ವರ್ಡ್ ಮಾಡುವ ಮುನ್ನ

‘ನಿಮ್ಮ ದಾಖಲೆ ಅಳಿಸಿಹೋಗಿದೆ, ಈ ಲಿಂಕ್ ಒತ್ತಿ ಸರಿಮಾಡಿಕೊಳ್ಳಿ’ ಎಂಬ ಸಂದೇಶ ಬಂದರೆ ಲಿಂಕ್ ಒತ್ತಬೇಡಿ, ಓಟಿಪಿ ಕೊಡಬೇಡಿ. ಮೊದಲು ಸರಿಯಾದ ತಾಲ್ಲೂಕು, ಹೋಬಳಿ ಆರಿಸಿ ಸರ್ಕಾರಿ ಜಾಲತಾಣದಲ್ಲಿ ನೀವೇ ಹುಡುಕಿ. ಆಗಲೂ ಸಿಗದಿದ್ದರೆ ಗ್ರಾಮ ಆಡಳಿತ ಅಧಿಕಾರಿಯನ್ನೋ ತಾಲ್ಲೂಕು ಕಚೇರಿಯನ್ನೋ ಕೇಳಿ.

ಸಾರಾಂಶ ಇಷ್ಟು. ಪಹಣಿ ತೆರೆಯಲ್ಲಿ ಕಾಣದಿದ್ದರೆ ಅದು ಅಳಿಸಿಹೋಗಿದೆ ಎಂದರ್ಥವಲ್ಲ. ಹಾಗೆಯೇ ತೆರೆಯಲ್ಲಿ ಕಂಡದ್ದೆಲ್ಲ ಸರಿ ಎಂದೂ ಅರ್ಥವಲ್ಲ. ಈ ಎರಡು ಮಾತನ್ನು ನಿಮ್ಮ ಗುಂಪಿನಲ್ಲಿ ಹಂಚಿಕೊಳ್ಳಿ. ಹೊಲ ಇರುವ ಯಾವ ಮನೆಗಾದರೂ ಇದು ಉಪಯೋಗಕ್ಕೆ ಬರುತ್ತದೆ.